ಚಿಕಾ ದ್ವೀಪನಾಡಿನ ಚರಿತ್ರೆ
(ಶತಮಾನೋತ್ಸವದ ಅಂಗವಾಗಿ ಸುಲೇಪೇಟದಲ್ಲಿ ನೀಡಿದ ಉಪನ್ಯಾಸ)



ನೂರು ವರ್ಷ ತುಂಬಿದ ದೇವಾಲಯದ ಉತ್ಸವದಲ್ಲಿ ಆ ದೇವಾಲಯದ ಕಥೆಯನ್ನೇ ಹೇಳುವುದು ವಾಡಿಕೆ. ಆ ಕಾರ್ಯವನ್ನು ನಮಗಿಂತ ಬಲ್ಲವರು ಈ ವೇದಿಕೆಯಿಂದ ಈಗಾಗಲೇ ನೆರವೇರಿಸಿದ್ದಾರೆ. ನಮಗೆ ಒಪ್ಪಿಸಿದ ವಿಷಯವು ಧರ್ಮಸಭೆಯ ಚರಿತ್ರೆಯಿಂದ ಯಾವುದಾದರೊಂದು ಅಧ್ಯಾಯ. ನಾವು ಜಪಾನ್ ದೇಶದ ಪಶ್ಚಿಮದಂಚಿನಲ್ಲಿರುವ ಕೆಲವು ದ್ವೀಪಗಳನ್ನು ಆರಿಸಿಕೊಂಡಿದ್ದೇವೆ. ಕಾಗಿಣಾ, ಮುಲ್ಲಾಮಾರಿ ನದಿಗಳ ಹೊರತು ಬೇರೆ ನೀರನ್ನು ಹೆಚ್ಚಾಗಿ ಕಾಣದ ತೊಗರಿಯ ಸೀಮೆಯವರಾದ ನಮಗೆ ಜಪಾನಿನ ಕಡಲೂ ಅಲ್ಲಿಯ ದ್ವೀಪಗಳೂ ಏತಕ್ಕೆ ಎಂದು ಯಾರಾದರೂ ಕೇಳಿಯಾರು. ಅದಕ್ಕೆ ಎರಡು ಕಾರಣಗಳುಂಟು. ಆ ದ್ವೀಪಗಳ ಯುವಕನೊಬ್ಬನೂ ನಮ್ಮ ಭಾರತದಲ್ಲಿ ಹುಟ್ಟಿದ ಸಹೋದರನೊಬ್ಬನೂ ಒಂದೇ ದಿನ, ಒಂದೇ ಗುಡ್ಡದ ಮೇಲೆ ಶಿಲುಬೆಗೇರಿದರು; ಇದು ಮೊದಲನೆಯದು. ಎರಡನೆಯದನ್ನು ಮುಂದೆ ಹೇಳುತ್ತೇವೆ.

ಮೊದಲು ಹಳೆಯ ಚರಿತ್ರೆ. ಜಪಾನಿನ ನಾಲ್ಕು ದೊಡ್ಡ ದ್ವೀಪಗಳಲ್ಲಿ ದಕ್ಷಿಣ ಪಶ್ಚಿಮದ ದ್ವೀಪಕ್ಕೆ ಕ್ಯೂಶೂ ಎಂದು ಹೆಸರು. ಅದರ ಪಶ್ಚಿಮ ತೀರದಿಂದಾಚೆಗೆ ಹಿರಾದೊ, ಇಕಿತ್ಸುಕಿ, ಓಜಿಕಾ, ಅಲ್ಲಿಂದ ಮುಂದೆ ಗೋತೋ ಎಂಬ ದ್ವೀಪಗಳ ಸಾಲು ಸಮುದ್ರದೊಳಕ್ಕೆ ಚಾಚಿಕೊಂಡಿದೆ. ಗೋತೋ ಎಂದರೆ ಐದು ದ್ವೀಪ. ಐದು ದೊಡ್ಡವು, ಸಣ್ಣಪುಟ್ಟವೆಲ್ಲ ಸೇರಿದರೆ 140ರ ಸುಮಾರು. ಎಂಟನೆಯ ಶತಮಾನದಲ್ಲಿ ಬರೆದ ಹಿಜೆನ್ ಪ್ರಾಂತ್ಯದ ಸ್ಥಳಪುರಾಣದಲ್ಲಿ ಈ ದ್ವೀಪಗಳಿಗೆ ಚಿಕಾ ಎಂಬ ಹೆಸರಿದೆ. ಪುರಾತನ ಚಕ್ರವರ್ತಿಯೊಬ್ಬನು ತೀರದಲ್ಲಿ ನಿಂತು ನೋಡಿ, ದೂರವಿದ್ದರೂ ಹತ್ತಿರವಿದ್ದಂತೆ ಕಾಣುತ್ತವೆ ಎಂದನಂತೆ. ಆ ಭಾಷೆಯಲ್ಲಿ ಹತ್ತಿರವೆಂಬ ಮಾತಿನಿಂದ ಚಿಕಾ ಆಯಿತೆಂದು ಕಥೆ. ಚೀನಾ ದೇಶಕ್ಕೆ ಹೋಗುವ ರಾಯಭಾರಿಗಳ ಹಡಗುಗಳು ಸ್ವದೇಶದ ನೆಲವನ್ನು ಕೊನೆಯದಾಗಿ ಕಾಣುತ್ತಿದ್ದುದು ಈ ದ್ವೀಪಗಳಲ್ಲಿ.

ಕ್ರಿ.ಶ. 869ರಲ್ಲಿ ಕೊರಿಯಾದ ಸಿಲ್ಲಾ ರಾಜ್ಯದ ಕಡಲುಗಳ್ಳರು ಕ್ಯೂಶೂವಿನ ಹಕಾತಾ ಬಂದರಕ್ಕೆ ನುಗ್ಗಿ ಕಂದಾಯದ ಸರಕನ್ನು ದೋಚಿದರು. ಗಡಿಯ ಮೇಲೆ ಕಣ್ಣಿಡಬೇಕೆಂಬ ಆತಂಕ ರಾಜಧಾನಿಯಲ್ಲಿ ಹುಟ್ಟಿತು. ಕ್ಯೂಶೂವಿನ ಆಡಳಿತಾಧಿಕಾರಿಯಾಗಿದ್ದ ಅರಿವಾರಾ ನೊ ಯುಕಿಹಿರಾ ಎಂಬಾತನು, ಈ ದ್ವೀಪಗಳು ವಿದೇಶೀಯರ ಹಡಗುಗಳ ದಾರಿಯಲ್ಲಿವೆ, ದೂರದ ಹಿಜೆನ್ ಪ್ರಾಂತ್ಯದ ಕೈಗೆ ಇವು ನಿಲುಕುವುದಿಲ್ಲ ಎಂದು ಬಿನ್ನವಿಸಿಕೊಂಡನು. ಅದರಂತೆ 876ರಲ್ಲಿ ದ್ವೀಪಗಳನ್ನು ಹಿಜೆನ್‌ನಿಂದ ಬೇರ್ಪಡಿಸಿ, ಮೇಲಣ ಚಿಕಾ, ಕೆಳಗಣ ಚಿಕಾ ಎಂದು ಎರಡು ಜಿಲ್ಲೆಗಳನ್ನು ಮಾಡಿ, ಪ್ರಾಂತ್ಯಕ್ಕೆ ಸಮನಾದ ದ್ವೀಪನಾಡನ್ನು ರಚಿಸಲಾಯಿತು. ಆ ವರ್ಷ ನಮ್ಮ ಸೇಡಂ ತಾಲ್ಲೂಕಿನ ಮಳಖೇಡದಲ್ಲಿ ಅಮೋಘವರ್ಷ ನೃಪತುಂಗನು ಆಳುತ್ತಿದ್ದನು. ಮಾನ್ಯಖೇಟವು ರಾಷ್ಟ್ರಕೂಟರ ರಾಜಧಾನಿಯಾಗಿದ್ದ ವೈಭವದ ಕಾಲವದು. ಇಂದು ಕಾಗಿಣಾ ದಂಡೆಯ ಕೋಟೆಯನ್ನು ಕಂಡವರು ಆ ವೈಭವವನ್ನು ಊಹಿಸಿಕೊಳ್ಳಬೇಕಷ್ಟೆ.

ಚಿಕಾ ನಾಡು ಬಹುಕಾಲ ಬಾಳಲಿಲ್ಲ. ಸ್ವಲ್ಪ ಕಾಲದಲ್ಲಿಯೇ ಅದನ್ನು ರದ್ದುಪಡಿಸಿ ದ್ವೀಪಗಳನ್ನು ಮರಳಿ ಹಿಜೆನ್‌ಗೆ ಸೇರಿಸಿದರು. ಒಂದು ಕಾಗದದಿಂದ ಹುಟ್ಟಿದ ನಾಡು ಇನ್ನೊಂದು ಕಾಗದದಿಂದ ಅಳಿಯಿತು. ಇಂತಹ ಸಂಗತಿ ನಮ್ಮವರಿಗೆ ಹೊಸದಲ್ಲ. ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿ ಹುಟ್ಟಿದ ನಮ್ಮ ಹಿರಿಯರು 1948ರಲ್ಲಿ ಭಾರತ ಒಕ್ಕೂಟದವರಾದರು, 1956ರಲ್ಲಿ ಮೈಸೂರು ರಾಜ್ಯದವರಾದರು, 1973ರಲ್ಲಿ ಕರ್ನಾಟಕದವರಾದರು. ಗುಲ್ಬರ್ಗ ಹೋಗಿ 2014ರಲ್ಲಿ ಕಲಬುರಗಿಯಾಯಿತು. ಅವರು ಮಾತ್ರ ಮನೆ ಬದಲಾಯಿಸಲಿಲ್ಲ, ಹೊಲ ಬದಲಾಯಿಸಲಿಲ್ಲ. ಚಿಕಾದ ಮೀನುಗಾರರೂ ಹಾಗೆಯೇ ಬಲೆ ಬೀಸುತ್ತ ಉಳಿದರು. ಮುಂದಿನ ಶತಮಾನಗಳಲ್ಲಿ ಹಿರಾದೊ ಮತ್ಸುರಾ ಮನೆತನದ ಕೈಗೆ ಹೋಯಿತು, ಗೋತೋ ದ್ವೀಪಗಳು ಉಕು ಮನೆತನದ ಕೈಗೆ ಹೋದವು. ಈ ಉಕು ಮನೆತನದವರೇ ಬಳಿಕ ಗೋತೋ ಎಂಬ ಹೆಸರನ್ನು ಇಟ್ಟುಕೊಂಡರು.

ಇನ್ನು ಧರ್ಮಸಭೆಯ ಪ್ರವೇಶ. ಸಂತ ಫ್ರಾನ್ಸಿಸ್ ಕ್ಸೇವಿಯರ್‌ರವರು 1549ರ ಏಪ್ರಿಲಿನಲ್ಲಿ ಗೋವೆಯಿಂದ ಹೊರಟು, ಆಗಸ್ಟ್ 15ರಂದು, ಮಾತೆ ಮರಿಯಮ್ಮನವರ ಸ್ವರ್ಗಾರೋಹಣದ ದಿನ, ಕ್ಯೂಶೂವಿನ ಕಾಗೊಷಿಮಾದಲ್ಲಿ ಇಳಿದರು. ಮರುವರ್ಷ ಹಿರಾದೊಗೆ ಪೋರ್ಚುಗೀಸ್ ಹಡಗು ಬಂದಿದೆಯೆಂದು ಕೇಳಿ ಅಲ್ಲಿಗೆ ಹೋಗಿ ಶುಭಸಂದೇಶ ಸಾರಿದರು. ಹಳೆಯ ಚಿಕಾ ನಾಡಿನ ನೆಲದ ಮೇಲೆ ಮೊದಲ ಜ್ಞಾನಸ್ನಾನಗಳು ನಡೆದದ್ದು ಹೀಗೆ. ಗೋವೆಗೆ ಹೋಗಿ ಅವರ ಪವಿತ್ರ ಶರೀರದ ದರ್ಶನ ಪಡೆದವರು ನಿಮ್ಮಲ್ಲಿ ಹಲವರಿರಬಹುದು. ಆ ಪಾದಗಳು ನಡೆದಾಡಿದ ದ್ವೀಪದ ಮಾತನ್ನೇ ನಾವಿಲ್ಲಿ ಆಡುತ್ತಿದ್ದೇವೆ.

1566ರಲ್ಲಿ ಗೋತೋದ ಒಡೆಯನು ಯೇಸುಸಭೆಯ ಗುರುಗಳನ್ನು ಕರೆಸಿಕೊಂಡನು. ಹೋದವರು ಇಬ್ಬರು. ಒಬ್ಬರು ಲೂಯಿಸ್ ದ ಅಲ್ಮೇದಾ. ವೈದ್ಯವೃತ್ತಿ ಕಲಿತವರು, ವ್ಯಾಪಾರದಲ್ಲಿ ಗಳಿಸಿದ್ದನ್ನು ಬಿಟ್ಟು ಯೇಸುಸಭೆ ಸೇರಿದವರು. ಇನ್ನೊಬ್ಬರು ಸಹೋದರ ಲೊರೆನ್ಸೊ. ಹಿರಾದೊದಲ್ಲಿಯೇ ಹುಟ್ಟಿ, ಹೆಚ್ಚುಕಡಿಮೆ ಕುರುಡರಾಗಿ, ಬೀವಾ ಎಂಬ ತಂತಿವಾದ್ಯ ನುಡಿಸಿ ಕಥೆ ಹಾಡುತ್ತ ಊರೂರು ಅಲೆಯುತ್ತಿದ್ದಾಗ ಕ್ಸೇವಿಯರ್‌ರವರಿಂದ ಜ್ಞಾನಸ್ನಾನ ಪಡೆದವರು. ನಮ್ಮ ನಾಡಿನಲ್ಲಿ ಏಕತಾರಿ ಹಿಡಿದು ಪದ ಹೇಳುತ್ತ ಬರುವವರನ್ನು ನೀವು ಕಂಡಿದ್ದೀರಿ, ಅಂಥವರೊಬ್ಬರೆಂದು ತಿಳಿಯಿರಿ. ಬಂದ ಕೆಲವೇ ದಿನಗಳಲ್ಲಿ ಒಡೆಯನಿಗೆ ಜ್ವರ ಬಂದಿತು. ಹೊಸ ಧರ್ಮವನ್ನು ಕೇಳಿದ್ದೇ ಇದಕ್ಕೆ ಕಾರಣವೆಂದು ಜನ ಆಡಿಕೊಂಡರು. ಅಲ್ಮೇದಾರವರು ಔಷಧ ಕೊಟ್ಟರು, ಜ್ವರ ಇಳಿಯಿತು, ಉಪದೇಶ ಮುಂದುವರಿಯಿತು. ಒಡೆಯನ ಮಗನೇ ಲೂಯಿಸ್ ಎಂಬ ಹೆಸರಿನಲ್ಲಿ ಜ್ಞಾನಸ್ನಾನ ಪಡೆದು ಮುಂದೆ ದ್ವೀಪಗಳನ್ನಾಳಿದನು. ಅತ್ತ ಇಕಿತ್ಸುಕಿ ದ್ವೀಪದಲ್ಲಿ ಕೊತೆದಾ, ಇಚಿಬು ಎಂಬ ಎರಡು ಮನೆತನದ ಜಹಗೀರುದಾರರು ಪ್ರಜೆಗಳ ಸಮೇತ ಕ್ರೈಸ್ತರಾದರು.

ಒಡೆಯನು ನಂಬಿದನೆಂದು ಪ್ರಜೆಗಳು ಹಿಂಬಾಲಿಸಿದ ಧರ್ಮಕ್ಕೆ ಬೇರು ಆಳವಿಲ್ಲವೆಂದು ಚರಿತ್ರಕಾರರು ಕೆಲವರು ಬರೆಯುವುದುಂಟು. ಆರಂಭದ ವಿಷಯದಲ್ಲಿ ಆ ಮಾತು ನಿಜವಿರಬಹುದು. ಮುಂದೆ ನಡೆದದ್ದನ್ನು ಕೇಳಿ ನೀವೇ ತೀರ್ಮಾನಿಸಿರಿ.

1587ರಲ್ಲಿ ಜಪಾನಿನ ಸರ್ವಾಧಿಕಾರಿ ಹಿದೆಯೋಶಿಯು ಗುರುಗಳೆಲ್ಲರೂ ದೇಶ ಬಿಡಬೇಕೆಂದು ಆಜ್ಞೆ ಹೊರಡಿಸಿದನು. ಹತ್ತು ವರ್ಷ ಅದು ಬಿಗಿಯಾಗಿ ಜಾರಿಯಾಗಲಿಲ್ಲ. ಬಳಿಕ, 1597ರ ಜನವರಿಯಲ್ಲಿ, ಕ್ಯೋಟೊ, ಓಸಾಕಾ ನಗರಗಳಲ್ಲಿ ಹಿಡಿದ ಕ್ರೈಸ್ತರ ಎಡಗಿವಿಯ ತುಂಡನ್ನು ಕತ್ತರಿಸಿ, ಚಳಿಗಾಲದ ದಾರಿಯಲ್ಲಿ ಒಂದು ತಿಂಗಳ ಕಾಲ ನಾಗಸಾಕಿಯತ್ತ ನಡೆಸಿದರು. ಫೆಬ್ರವರಿ 5ರಂದು ನಿಷಿಜಾಕಾ ಎಂಬ ಗುಡ್ಡದ ಮೇಲೆ 26 ಮಂದಿಯನ್ನು ಶಿಲುಬೆಗೆ ಕಟ್ಟಿ ಈಟಿಯಿಂದ ಇರಿದರು. ಅವರಲ್ಲಿ ಆರು ಮಂದಿ ಫ್ರಾನ್ಸಿಸ್ಕನ್ ಸಭೆಯವರು, ಮೂವರು ಯೇಸುಸಭೆಯವರು, ಉಳಿದ 17 ಮಂದಿ ಶ್ರೀಸಾಮಾನ್ಯ ವಿಶ್ವಾಸಿಗಳು, ಬಾಲಕರೂ ಅವರಲ್ಲಿದ್ದರು.

ಫ್ರಾನ್ಸಿಸ್ಕನ್ನರಲ್ಲಿ ಒಬ್ಬರು ಸಹೋದರ ಗೊನ್ಸಾಲೊ ಗಾರ್ಸಿಯಾ. ಮುಂಬಯಿಯ ಸಮೀಪದ ವಸಯಿಯಲ್ಲಿ, ಪೋರ್ಚುಗೀಸ್ ತಂದೆಗೂ ವಸಯಿಯ ತಾಯಿಗೂ ಹುಟ್ಟಿದವರು. ಚಿಕ್ಕಂದಿನಲ್ಲಿ ಯೇಸುಸಭೆಯವರ ಜೊತೆಗೆ ಜಪಾನಿಗೆ ಹೋಗಿ ಭಾಷೆ ಕಲಿತು ಉಪದೇಶಿಯಾಗಿ ದುಡಿದರು, ನಡುವೆ ವ್ಯಾಪಾರ ಮಾಡಿದರು, ಮನಿಲಾದಲ್ಲಿ ಫ್ರಾನ್ಸಿಸ್ಕನ್ ಸಹೋದರರಾಗಿ 1593ರಲ್ಲಿ ಮರಳಿ ಜಪಾನಿಗೆ ಬಂದರು. ಗುರುಪಟ್ಟ ಪಡೆದವರಲ್ಲ, ಗುರುಗಳ ಮಾತನ್ನು ಜಪಾನೀ ಭಾಷೆಗೆ ತಿರುಗಿಸಿ ಹೇಳುತ್ತಿದ್ದವರು. 1862ರಲ್ಲಿ ಒಂಬತ್ತನೆಯ ಪಯಸ್ ಜಗದ್ಗುರುಗಳು 26 ಮಂದಿಯನ್ನೂ ಸಂತರೆಂದು ಸಾರಿದಾಗ, ಭಾರತದ ಮಣ್ಣಿನಲ್ಲಿ ಹುಟ್ಟಿದವರಲ್ಲಿ ಆ ಪದವಿಗೇರಿದ ಮೊದಲಿಗರು ಗೊನ್ಸಾಲೊರವರಾದರು. ಇಂದಿಗೂ ನಮ್ಮಲ್ಲಿ ಎಷ್ಟೋ ಮಂದಿಗೆ ಅವರ ಹೆಸರು ತಿಳಿಯದು. ದೂರದ ದೇಶಗಳ ಸಂತರ ಹೆಸರು ಮಕ್ಕಳಿಗೆ ಇಡುತ್ತೇವೆ, ಈ ಹೆಸರನ್ನು ಇಡುವವರನ್ನು ನಾವು ನಮ್ಮ ಕಡೆ ಕಂಡಿಲ್ಲ.

ಯೇಸುಸಭೆಯವರಲ್ಲಿ ಒಬ್ಬನು ಗೋತೋದ ಜಾನ್, 19 ವರ್ಷದವನು. ಓಸಾಕಾದಲ್ಲಿ ಗುರುಗಳಿಗೆ ಸಹಾಯಕನಾಗಿದ್ದ ಉಪದೇಶಿ. ಶಿಲುಬೆಗೇರುವ ಮುನ್ನ ಯೇಸುಸಭೆಯ ವ್ರತಗಳನ್ನು ಸ್ವೀಕರಿಸಿದನು. ಅವನ ತಂದೆ ಆ ಗುಡ್ಡಕ್ಕೆ ಬಂದು ಮಗನನ್ನು ಬೀಳ್ಕೊಟ್ಟನೆಂದೂ, ಮಗನು ತನ್ನ ಜಪಮಾಲೆಯನ್ನು ತಂದೆಯ ಕೈಯಲ್ಲಿಟ್ಟನೆಂದೂ ಅಂದಿನ ಗುರುಗಳು ಬರೆದಿಟ್ಟಿದ್ದಾರೆ. ವಸಯಿಯ ತಾಯಿಯ ಮಗನೂ ಗೋತೋದ ತಂದೆಯ ಮಗನೂ ಒಂದೇ ಸಾಲಿನಲ್ಲಿ ಪ್ರಾಣ ಬಿಟ್ಟರು. ನಾವು ಆರಂಭದಲ್ಲಿ ಹೇಳಿದ ಮೊದಲನೆಯ ಕಾರಣ ಇದೇ.

1599ರಲ್ಲಿ ಹಿರಾದೊದ ಒಡೆಯನು ಹಳೆಯ ಧರ್ಮದ ವಿಧಿಗಳಿಗೆ ಎಲ್ಲರೂ ಬರತಕ್ಕದ್ದೆಂದು ಕಟ್ಟುಮಾಡಿದಾಗ, ಇಕಿತ್ಸುಕಿಯ ಜಹಗೀರುದಾರರು ನೂರಾರು ಜನರೊಡನೆ ರಾತ್ರೋರಾತ್ರಿ ದೋಣಿ ಹತ್ತಿ ನಾಗಸಾಕಿಗೆ ಹೋದರು. ಉಳಿದ ಜನರಿಗೆ ಹಿರಿಯನಾದವನು ಗಾಸ್ಪರ್ ನಿಷಿ. 1609ರಲ್ಲಿ ಅವನಿಗೆ ಮರಣದಂಡನೆಯಾಯಿತು. ಪತ್ನಿ ಉರ್ಸುಲಾ, ಮಗ ಜಾನ್ ಸಹ ಅದೇ ದಿನ ಹತರಾದರು. ದ್ವೀಪದ ಹಳೆಯ ಶಿಲುಬೆ ನಿಂತಿದ್ದ ಸ್ಥಳದಲ್ಲಿಯೇ ತನ್ನನ್ನು ಕೊಲ್ಲಬೇಕೆಂದು ಅವನು ಕೇಳಿಕೊಂಡನು. 2008ರಲ್ಲಿ ಜಪಾನಿನ 188 ರಕ್ತಸಾಕ್ಷಿಗಳನ್ನು ಧನ್ಯರೆಂದು ಸಾರಿದಾಗ ಈ ಮೂವರ ಹೆಸರೂ ಆ ಪಟ್ಟಿಯಲ್ಲಿತ್ತು. 1614ರಲ್ಲಿ ತೊಕುಗಾವಾ ಸರ್ಕಾರವು ದೇಶಕ್ಕೆಲ್ಲ ನಿಷೇಧ ಹೇರಿತು. 1620ರ ದಶಕದಲ್ಲಿ ಹಿರಾದೊ ಮತ್ತು ಇಕಿತ್ಸುಕಿಗಳ ನಡುವಣ ನಕಾಎನೊಷಿಮಾ ಎಂಬ ಬರಿಗಲ್ಲಿನ ಪುಟ್ಟ ದ್ವೀಪಕ್ಕೆ ಕ್ರೈಸ್ತರನ್ನು ಒಯ್ದು ಕೊಂದರು. ಆ ಬಂಡೆಯ ಸೀಳಿನಲ್ಲಿ ಜಿನುಗುವ ನೀರನ್ನು ದ್ವೀಪವಾಸಿಗಳು ಅಂದಿನಿಂದ ಜ್ಞಾನಸ್ನಾನಕ್ಕೆ ಬಳಸತೊಡಗಿದರು. 1639ರಲ್ಲಿ ಪೋರ್ಚುಗೀಸರ ಹಡಗುಗಳಿಗೆ ಬಾಗಿಲು ಮುಚ್ಚಿತು. 1644ರಲ್ಲಿ ಕೊನಿಷಿ ಮಾನ್ಸಿಯೊ ಎಂಬ ಕೊನೆಯ ಗುರು ಹತರಾದರು.

ಅಲ್ಲಿಂದ 1865ರ ವರೆಗೆ, 221 ವರ್ಷ, ಆ ವಿಶ್ವಾಸಿಗಳ ನಡುವೆ ಗುರುಗಳಿಲ್ಲ. ಬಲಿಪೂಜೆಯಿಲ್ಲ, ಪಾಪನಿವೇದನೆಯಿಲ್ಲ, ಪರಮಪ್ರಸಾದವಿಲ್ಲ. ಈ ಸಂಗತಿಯ ಮೇಲೆ ನಾವು ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬಯಸುತ್ತೇವೆ. ನಾವು ಹೇಳುತ್ತೇವೆಂದ ಎರಡನೆಯ ಕಾರಣ ಇಲ್ಲಿದೆ.

ಸರ್ಕಾರವು ಪ್ರತಿಯೊಂದು ಮನೆಯೂ ಒಂದು ಬೌದ್ಧ ವಿಹಾರದ ಲೆಕ್ಕಪುಸ್ತಕದಲ್ಲಿ ಹೆಸರು ಬರೆಯಿಸಬೇಕೆಂದು ವಿಧಿಸಿತು. ಸತ್ತರೆ ಭಿಕ್ಷುವೇ ಬಂದು ಸೂತ್ರ ಪಠಿಸಬೇಕು. ವರ್ಷಕ್ಕೊಮ್ಮೆ ಯೇಸುಕ್ರಿಸ್ತರ ಅಥವಾ ಮಾತೆ ಮರಿಯಮ್ಮನವರ ಬಿಂಬವನ್ನು ನೆಲದ ಮೇಲಿಟ್ಟು ತುಳಿಯಿಸುತ್ತಿದ್ದರು. ತುಳಿಯದವನು ಕ್ರೈಸ್ತನೆಂದು ಲೆಕ್ಕ. ಗುಪ್ತರಾಗಿ ಉಳಿದವರು ತುಳಿದರು. ಮನೆಗೆ ಮರಳಿ ಪಶ್ಚಾತ್ತಾಪದ ಪ್ರಾರ್ಥನೆ ಹೇಳಿದರು. ಗುರುಗಳು ಸಿಗದಿದ್ದಾಗ ಹೃತ್ಪೂರ್ವಕವಾದ ಪರಿಪೂರ್ಣ ಪಶ್ಚಾತ್ತಾಪದಿಂದ ದೇವರು ಪಾಪವನ್ನು ಕ್ಷಮಿಸುವರೆಂದು ಕಲಿಸುವ ಪುಟ್ಟ ಪುಸ್ತಕವೊಂದು 1603ರಲ್ಲಿಯೇ ಆ ಭಾಷೆಯಲ್ಲಿ ಸಿದ್ಧವಾಗಿತ್ತು. ಅದನ್ನು ಕೈಬರಹದಲ್ಲಿ ನಕಲು ಮಾಡಿಕೊಂಡು ತಲೆಮಾರಿನಿಂದ ತಲೆಮಾರಿಗೆ ದಾಟಿಸಿದರು. ಭಿಕ್ಷು ಒಂದು ಕೋಣೆಯಲ್ಲಿ ಸೂತ್ರ ಹೇಳುತ್ತಿದ್ದರೆ, ಮಗ್ಗುಲ ಕೋಣೆಯಲ್ಲಿ ಹಿರಿಯರು ಮೆಲುದನಿಯಲ್ಲಿ ಕ್ರೈಸ್ತ ಪ್ರಾರ್ಥನೆ ಹೇಳುತ್ತಿದ್ದರು. ತುಳಿದವರನ್ನು ಹೇಡಿಗಳೆಂದು ಕರೆಯುವುದು ಸುಲಭ. ಶಿಲುಬೆಗೇರಿದವರಿಗೆ ಸಲ್ಲುವ ಗೌರವ ಅವರಿಗೆ ಸಲ್ಲದು, ನಿಜ. ಆದರೆ ಅವರೂ ಇಲ್ಲದಿದ್ದರೆ 1865ರಲ್ಲಿ ಹೇಳಲು ಕಥೆಯೇ ಇರುತ್ತಿರಲಿಲ್ಲ.

ಅವರು ತಮ್ಮೊಳಗೆ ಕೆಲಸಗಳನ್ನು ಹಂಚಿಕೊಂಡಿದ್ದರು. ಒಬ್ಬನು ಪಂಚಾಂಗ ಹಿಡಿದವನು. ಹಬ್ಬಗಳೂ ಉಪವಾಸದ ದಿನಗಳೂ ಎಂದು ಬರುತ್ತವೆಂದು ಎಣಿಸಿ ಹೇಳುವುದು ಅವನ ಹೊಣೆ. ಒಬ್ಬನು ನೀರಿನವನು, ಹುಟ್ಟಿದ ಮಗುವಿಗೆ ಜ್ಞಾನಸ್ನಾನ ಕೊಡುವವನು. ಇನ್ನೊಬ್ಬನು ಮನೆಮನೆಗೆ ಸುದ್ದಿ ಮುಟ್ಟಿಸುವವನು. ಇವರೆಲ್ಲ ಬೇಸಾಯಗಾರರು, ಮೀನುಗಾರರು. ನಾಗಸಾಕಿಯ ಸಮೀಪದ ಸೊತೊಮೆ ಕರಾವಳಿಯಲ್ಲಿ ಬಳಕೆಯಲ್ಲಿದ್ದ ಪಂಚಾಂಗವು 1634ರದೆಂದು ಹೇಳುತ್ತಾರೆ. ಬಾಸ್ಟಿಯನ್ ಎಂಬ ಉಪದೇಶಿ ಅದನ್ನು ಬಿಟ್ಟುಹೋದನೆಂದೂ, ಏಳು ತಲೆಮಾರುಗಳ ನಂತರ ದೊಡ್ಡ ಹಡಗಿನಲ್ಲಿ ಗುರುಗಳು ಬರುವರು, ಅಂದು ಪಾಪನಿವೇದನೆ ಮಾಡಬಹುದು ಎಂದು ಹೇಳಿಹೋದನೆಂದೂ ಪ್ರತೀತಿ.

ಪ್ರಿಯರೇ, ಜ್ಞಾನಸ್ನಾನವನ್ನು ಸಾಮಾನ್ಯವಾಗಿ ಗುರುಗಳೋ ಡೀಕನರೋ ಕೊಡತಕ್ಕದ್ದು. ಆದರೆ ಪ್ರಾಣಾಪಾಯದ ಸಮಯದಲ್ಲಿ ಯಾರು ಬೇಕಾದರೂ, ಧರ್ಮಸಭೆಯ ಉದ್ದೇಶವನ್ನಿಟ್ಟುಕೊಂಡು, ನೀರು ಹೊಯ್ದು, ಪಿತನ, ಸುತನ, ಪವಿತ್ರಾತ್ಮರ ನಾಮದಲ್ಲಿ ಕೊಡಬಹುದೆಂಬುದು ಧರ್ಮಸಭೆಯ ನಿಯಮ. ನಿಮ್ಮಲ್ಲಿ ಎಷ್ಟು ಮಂದಿಗೆ ಇದು ತಿಳಿದಿದೆ? ನಮ್ಮ ಸುತ್ತಣ ಹಳ್ಳಿಗಳಲ್ಲಿ ಎರಡೋ ಮೂರೋ ಮನೆಗಳು ಮಾತ್ರ ನಮ್ಮವಿರುವ ಊರುಗಳಿವೆ. ಮಳೆಗಾಲದಲ್ಲಿ ಎರೆಮಣ್ಣಿನ ದಾರಿ ಕೆಸರಾದರೆ ಗುರುಗಳು ತಲುಪಲಾರರು. ದುಡಿಯಲು ಹೈದರಾಬಾದಿಗೂ ಪುಣೆಗೂ ಬೆಂಗಳೂರಿಗೂ ಹೋದ ಮಕ್ಕಳು ಅಲ್ಲಿ ಯಾವ ಧರ್ಮಕೇಂದ್ರಕ್ಕೆ ಸೇರಿದವರೆಂದು ಅವರಿಗೇ ತಿಳಿದಿರುವುದಿಲ್ಲ. ಗುರುಗಳು ಬಂದರೆ ಪ್ರಾರ್ಥನೆ, ಬಾರದಿದ್ದರೆ ಇಲ್ಲ ಎಂಬ ಅಭ್ಯಾಸ ನಮ್ಮಲ್ಲಿ ಬೇರೂರಿದೆ. ಇದಕ್ಕೆ ಗುರುಗಳಾದ ನಾವೂ ಹೊಣೆಗಾರರೇ. ದೇವಾಲಯಕ್ಕೆ ನೂರು ತುಂಬಿದ ಈ ವರ್ಷ ಪ್ರತಿ ಹಳ್ಳಿಯಲ್ಲಿ ಒಬ್ಬರಾದರೂ ಹಬ್ಬಗಳ ಲೆಕ್ಕ ಬಲ್ಲವರು, ಒಬ್ಬರಾದರೂ ಪ್ರಾರ್ಥನೆ ನಡೆಸಬಲ್ಲವರು ಸಿದ್ಧರಾಗಬೇಕೆಂಬುದು ನಮ್ಮ ಬೇಡಿಕೆ. ಹಳೆಯ ಉಪದೇಶಿಗಳು ಈ ಕೆಲಸವನ್ನು ಸೈಕಲ್ ತುಳಿದುಕೊಂಡು ಮಾಡಿದ್ದರು.

ನಮ್ಮ ನಾಡಿನಲ್ಲಿಯೂ ಇದಕ್ಕೆ ನಿದರ್ಶನವಿಲ್ಲದಿಲ್ಲ. ಕೆನರಾ ಜಿಲ್ಲೆಯ ಕಥೋಲಿಕರನ್ನು ಟಿಪ್ಪು ಸುಲ್ತಾನನು 1784ರಲ್ಲಿ ಶ್ರೀರಂಗಪಟ್ಟಣಕ್ಕೆ ಸೆರೆಯೊಯ್ದಾಗ ಅವರ ಗುರುಗಳನ್ನು ಗಡೀಪಾರು ಮಾಡಿದ್ದನು. 1799ರಲ್ಲಿ ಬಿಡುಗಡೆಯಾಗಿ ಬದುಕುಳಿದವರು ಮರಳಿ ಬಂದು ಇಗರ್ಜಿಗಳನ್ನು ಕಟ್ಟಿಕೊಂಡರು. ಅದು 15 ವರ್ಷಗಳ ಮಾತು. ಗೋತೋದವರದು ಏಳು ತಲೆಮಾರು.

ಗೋತೋದ ಹಳೆಯ ಕ್ರೈಸ್ತರು ಹದಿನೇಳನೆಯ ಶತಮಾನದ ಹಿಂಸೆಯಲ್ಲಿ ಹೆಚ್ಚುಕಡಿಮೆ ಅಳಿದುಹೋಗಿದ್ದರು. ಮತ್ತೆ ಬೀಜ ಬಿದ್ದದ್ದು ವಿಚಿತ್ರವಾದ ರೀತಿಯಲ್ಲಿ. ಹದಿನೆಂಟನೆಯ ಶತಮಾನದ ಕೊನೆಗೆ ಗೋತೋದಲ್ಲಿ ಉಳುವವರಿಲ್ಲದೆ ಭೂಮಿ ಪಾಳು ಬಿದ್ದಿತ್ತು. ಎದುರಿನ ಓಮುರಾ ಸಂಸ್ಥಾನದಲ್ಲಿ ಜನ ಹೆಚ್ಚಾಗಿ ಭೂಮಿ ಸಾಲದಾಗಿತ್ತು. ಹೆಚ್ಚಿನ ಮಕ್ಕಳನ್ನು ಸಾಕಬಾರದೆಂಬ ಒತ್ತಾಯವೂ ಅಲ್ಲಿತ್ತೆಂದು ಹೇಳುತ್ತಾರೆ. ಹುಟ್ಟಿದ ಶಿಶುವನ್ನು ಕೊಲ್ಲುವುದು ಮಹಾಪಾಪವೆಂದು ನಂಬಿದ ಗುಪ್ತ ಕ್ರೈಸ್ತರಿಗೆ ಅಲ್ಲಿ ಬಾಳುವುದು ದುಸ್ತರ. ಎರಡು ಒಡೆಯರ ಒಪ್ಪಂದದಂತೆ 1797ರಲ್ಲಿ ಸೊತೊಮೆಯ 108 ಮಂದಿ ದೋಣಿಯಲ್ಲಿ ಗೋತೋಗೆ ಬಂದರು. ಕೆಲವು ವರ್ಷಗಳಲ್ಲಿ ಬಂದವರ ಸಂಖ್ಯೆ 3000 ಮುಟ್ಟಿತೆನ್ನುತ್ತಾರೆ. ಹೆಚ್ಚಿನವರು ಗುಪ್ತ ಕ್ರೈಸ್ತರು. ಕೂಲಿ ಹುಡುಕಿ ಬಂದವರೆಂದು ಒಡೆಯರು ತಿಳಿದರು. ಬಂದವರು ಪಂಚಾಂಗವನ್ನೂ ನೀರಿನವನನ್ನೂ ಜೊತೆಗೆ ಕರೆತಂದಿದ್ದರು. ಒಳ್ಳೆಯ ನೆಲವೆಲ್ಲ ಮೊದಲಿನವರ ಕೈಯಲ್ಲಿತ್ತು. ಇವರಿಗೆ ಸಿಕ್ಕಿದ್ದು ಕಡಿದಾದ ಇಳಿಜಾರು, ಗಾಳಿ ಬಡಿಯುವ ಕೊಲ್ಲಿಗಳ ಅಂಚು. ಗೆಣಸು ಬೆಳೆದು ಬದುಕಿದರು.

1865ರ ಮಾರ್ಚ್ 17ರಂದು ನಾಗಸಾಕಿಯ ಔರಾ ದೇವಾಲಯಕ್ಕೆ ಉರಕಾಮಿ ಹಳ್ಳಿಯ ಹತ್ತು ಹದಿನೈದು ಜನ ಬಂದರು. ವಿದೇಶೀಯರಿಗಾಗಿ ಫ್ರೆಂಚ್ ಗುರುಗಳು ಕಟ್ಟಿದ ದೇವಾಲಯವದು, ನಿಷೇಧ ಇನ್ನೂ ಜಾರಿಯಲ್ಲಿತ್ತು. ಪ್ರಾರ್ಥಿಸುತ್ತಿದ್ದ ಬರ್ನಾರ್ ಪೆತಿಜಾನ್ ಗುರುಗಳ ಬಳಿಗೆ ಒಬ್ಬ ಹೆಂಗಸು ಬಂದು, ತಮ್ಮ ಹೃದಯವೂ ಅವರ ಹೃದಯವೂ ಒಂದೇ ಎಂದು ಪಿಸುಗುಟ್ಟಿ, ಮರಿಯಮ್ಮನವರ ಪ್ರತಿಮೆ ಎಲ್ಲಿದೆಯೆಂದು ಕೇಳಿದಳು. ಪ್ರತಿಮೆಯ ಮುಂದೆ ನಿಂತು, ಈಗ ತಾವು ದುಃಖದ ಕಾಲವನ್ನು ಆಚರಿಸುತ್ತಿದ್ದೇವೆ, ನೀವೂ ಆಚರಿಸುತ್ತೀರಾ ಎಂದು ಅವರು ವಿಚಾರಿಸಿದರು. ಆ ದಿನ ತಪಸ್ಸುಕಾಲದ 17ನೆಯ ದಿನವಾಗಿತ್ತು. ಇನ್ನೂರು ವರ್ಷ ಗುರುಗಳನ್ನು ಕಾಣದವರ ಲೆಕ್ಕವೂ ರೋಮಿನ ಲೆಕ್ಕವೂ ಕೂಡಿಬಂದವು. ಸುದ್ದಿ ದ್ವೀಪಗಳಿಗೂ ಮುಟ್ಟಿತು; ಗೋತೋದಿಂದ ಜನ ದೋಣಿಯಲ್ಲಿ ಬಂದು ಗುರುಗಳಿಂದ ಉಪದೇಶ ಪಡೆದು ಹೋದರು.

ತಾವು ಕ್ರೈಸ್ತರೆಂದು ಬಾಯಿಬಿಟ್ಟು ಹೇಳಿಕೊಂಡದ್ದರ ಬೆಲೆಯನ್ನು ಅವರು ತೆರಬೇಕಾಯಿತು. 1868ರಲ್ಲಿ, ಹೊಸ ಮೇಜಿ ಸರ್ಕಾರ ಬಂದ ವರ್ಷವೇ, ಗೋತೋದಲ್ಲೆಲ್ಲ ಹಿಡಿಯತೊಡಗಿದರು. ಹಿಸಾಕಾ ದ್ವೀಪದಲ್ಲಿ ಸುಮಾರು 200 ಮಂದಿಯನ್ನು ಒಂದು ಚಿಕ್ಕ ಮನೆಯಲ್ಲಿ ಕೂಡಿಹಾಕಿದರು. ಅದರ ಅಳತೆ ಸುಮಾರು 20 ಚದರ ಮೀಟರು. ನಮ್ಮ ದೇವಾಲಯದ ಪೂಜಾಸಾಮಗ್ರಿಯ ಕೋಣೆ ಅದಕ್ಕಿಂತ ಬಹಳ ಚಿಕ್ಕದೇನಲ್ಲ. ಕೂಡಲು ಜಾಗವಿಲ್ಲದೆ ಮಕ್ಕಳು ದೊಡ್ಡವರ ಮೈಗಳ ನಡುವೆ ನೆಲ ಸೋಕದೆ ಸಿಕ್ಕಿಕೊಂಡಿರುತ್ತಿದ್ದರು. ಆಹಾರ ಗೆಣಸಿನ ಹೋಳು. ಎಂಟು ತಿಂಗಳು ಹೀಗೆ ಕಳೆದವು. ವೃದ್ಧರೂ ಎಳೆಯ ಮಕ್ಕಳೂ ಸೇರಿ 42 ಮಂದಿ ಸತ್ತರು. ಇತ್ತ ಉರಕಾಮಿಯಿಂದ 3000ಕ್ಕೂ ಹೆಚ್ಚು ಮಂದಿಯನ್ನು ದೇಶದ ಬೇರೆ ಬೇರೆ ಕಡೆಗಳಿಗೆ ಗಡೀಪಾರು ಮಾಡಿದರು. ಪಾಶ್ಚಾತ್ಯ ರಾಷ್ಟ್ರಗಳಿಂದ ಆಕ್ಷೇಪಣೆ ಬಂದ ಬಳಿಕ, 1873ರ ಫೆಬ್ರವರಿಯಲ್ಲಿ, ನಿಷೇಧದ ಹಲಗೆಗಳನ್ನು ಬೀದಿಗಳಿಂದ ಕಿತ್ತರು.

ಆಮೇಲೆ ದ್ವೀಪಗಳಲ್ಲಿ ದೇವಾಲಯಗಳೆದ್ದವು. ದೋಜಾಕಿಯಲ್ಲಿ 1879ರಲ್ಲಿ ಮಾರ್ಮಾನ್ ಗುರುಗಳು ಮರದ ದೇವಾಲಯ ಕಟ್ಟಿದರು. ಇಂದಿನ ಇಟ್ಟಿಗೆಯ ಕಟ್ಟಡ 1908ರದು. ಕಾಷಿರಾಗಾಷಿಮಾ ಎಂಬ ಪುಟ್ಟ ದ್ವೀಪದವರು ಕಲ್ಲಿನದೇ ಬೇಕೆಂದು ಹಟ ಹಿಡಿದು, 1910ರಲ್ಲಿ ಆರಂಭಿಸಿ, ತಾವೇ ಕಲ್ಲು ಕಡಿದು ಹೊತ್ತು, ನಡುವೆ ಹಣ ಮುಗಿದು ಕೆಲಸ ನಿಂತರೂ ಬಿಡದೆ 1919ರಲ್ಲಿ ಮುಗಿಸಿದರು. ಶಹಾಬಾದಿನ ಕಲ್ಲನ್ನು ಬಲ್ಲ ನಿಮಗೆ ಕಲ್ಲು ಹೊರುವುದೆಂದರೇನೆಂದು ನಾವು ಹೇಳಬೇಕಾಗಿಲ್ಲ. ಇದನ್ನೂ ಇನ್ನೂ ಹಲವನ್ನೂ ಕಟ್ಟಿದ ಮೇಸ್ತ್ರಿ ತೆತ್ಸುಕಾವಾ ಯೋಸುಕೆ, ಗೋತೋದಲ್ಲಿಯೇ 1879ರಲ್ಲಿ ಹುಟ್ಟಿದ ಬಡಗಿ. ಗುರುಗಳಿಂದ ಕಮಾನು ಕಟ್ಟುವ ವಿದ್ಯೆ ಕಲಿತನು, ಜೀವಮಾನವೆಲ್ಲ ದೇವಾಲಯ ಕಟ್ಟಿದನು, ಬೌದ್ಧನಾಗಿಯೇ ತೀರಿಕೊಂಡನು. ಇದನ್ನು ಯಾರೂ ಅಡ್ಡಿಯೆಂದು ತಿಳಿಯಲಿಲ್ಲ.

ಒಂದು ಸಂಗತಿಯನ್ನು ಮರೆಮಾಡಬಾರದು. ಗುಪ್ತ ಕ್ರೈಸ್ತರೆಲ್ಲರೂ ಧರ್ಮಸಭೆಗೆ ಮರಳಲಿಲ್ಲ. ಇಕಿತ್ಸುಕಿಯಲ್ಲಂತೂ ಹೆಚ್ಚಿನವರು ತಂದೆ ತಾತಂದಿರು ಕಲಿಸಿದ ರೀತಿಯನ್ನೇ ಹಿಡಿದರು. ಓರಶೊ ಎಂದು ಅವರು ಕರೆಯುವ ಪ್ರಾರ್ಥನೆಗಳು ಲತೀನ್, ಪೋರ್ಚುಗೀಸ್ ಮಾತುಗಳು ಬಾಯಿಂದ ಬಾಯಿಗೆ ಸವೆದು ಉಳಿದವು. ಅರ್ಥ ಹೇಳುವವರು ಯಾರೂ ಉಳಿದಿರಲಿಲ್ಲ. ಮಿನಗಾವಾ ತತ್ಸುಓ ಎಂಬ ಸಂಗೀತ ವಿದ್ವಾಂಸರು ಅವುಗಳಲ್ಲೊಂದು ರಾಗದ ಮೂಲವನ್ನು ಹುಡುಕುತ್ತ ಹೋಗಿ, ಹದಿನಾರನೆಯ ಶತಮಾನದ ಸ್ಪೇನಿನಲ್ಲಿ ಹಾಡುತ್ತಿದ್ದ ಮರಿಯಮ್ಮನವರ ಗೀತೆಯೊಂದನ್ನು ಕಂಡುಕೊಂಡರು. ಹೀಗೆ ಉಳಿದವರನ್ನು ದಾರಿ ತಪ್ಪಿದವರೆಂದು ಹಳೆಯ ಪುಸ್ತಕಗಳು ಬರೆದವು. ನಮ್ಮ ಅಭಿಪ್ರಾಯ ಬೇರೆ. ಪ್ರಾಣಭಯದಲ್ಲಿ ಇಟ್ಟುಕೊಂಡದ್ದನ್ನು, ಹೊಸದಾಗಿ ಬಂದವರೊಬ್ಬರು ಇದು ಸರಿಯಿಲ್ಲವೆಂದೊಡನೆ ಬಿಟ್ಟುಕೊಡಲು ಅವರಿಗೆ ಮನಸ್ಸಾಗಲಿಲ್ಲ. ಸಂಸ್ಕಾರಗಳಿಂದ ಅವರು ದೂರವಾದದ್ದು ನಮಗೆ ನೋವಿನ ವಿಷಯ. ಆದರೂ ಆ ನಿಷ್ಠೆಯ ಮುಂದೆ ನಾವು ತಲೆಬಾಗುತ್ತೇವೆ. ಇಂದು ಓರಶೊ ಬಲ್ಲ ಮುದುಕರು ಕೆಲವರೇ ಉಳಿದಿದ್ದಾರೆ. ಮಕ್ಕಳು ಊರು ಬಿಟ್ಟು ಪಟ್ಟಣಗಳಿಗೆ ಹೋಗಿದ್ದಾರೆ. ಖಡ್ಗದಿಂದ ಆಗದ ಕೆಲಸ ಉದ್ಯೋಗದ ಹುಡುಕಾಟದಿಂದ ಆಗುತ್ತಿದೆ.

ಕಥೋಲಿಕರ ದ್ವೀಪಗಳಲ್ಲಿಯೂ ಇದೇ ಕಷ್ಟ. 2018ರಲ್ಲಿ ಯುನೆಸ್ಕೊ ಸಂಸ್ಥೆಯು ನಾಗಸಾಕಿ ಪ್ರದೇಶದ ಗುಪ್ತ ಕ್ರೈಸ್ತರ 12 ನೆಲೆಗಳನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಹಿಸಾಕಾ, ಕಾಷಿರಾಗಾಷಿಮಾ, ನಕಾಎನೊಷಿಮಾ ಅದರಲ್ಲಿವೆ. ನೊಜಾಕಿ ಎಂಬ ದ್ವೀಪವೂ ಇದೆ. ಆ ದ್ವೀಪದಲ್ಲಿ ಪುರಾತನವಾದ ಶಿಂತೊ ಗುಡಿಯೊಂದಿತ್ತು. ಗುಡಿಯ ಭಕ್ತರಂತೆ ತೋರಿಸಿಕೊಂಡರೆ ಯಾರೂ ಸಂಶಯಪಡರೆಂದು ಗುಪ್ತ ಕ್ರೈಸ್ತರು ಅಲ್ಲಿ ನೆಲೆಸಿದ್ದರು. ನಿಷೇಧ ಹೋದ ಮೇಲೆ ನೊಕುಬಿ ಎಂಬ ಕೇರಿಯ 17 ಮನೆಯವರು ದಿನಕ್ಕೆ ಎರಡೇ ಹೊತ್ತು ಉಂಡು, ಮೀನು ಮಾರಿ ಹಣ ಕೂಡಿಟ್ಟು, 1908ರಲ್ಲಿ ಇಟ್ಟಿಗೆಯ ದೇವಾಲಯ ಕಟ್ಟಿಸಿದರು. ತೆತ್ಸುಕಾವಾ ಕಟ್ಟಿದ ಮೊದಲ ಇಟ್ಟಿಗೆಯ ದೇವಾಲಯವೇ ಅದು. 1971ರಲ್ಲಿ ಆ ಕೇರಿಯ ಕೊನೆಯ ಮನೆಗಳವರು ದ್ವೀಪ ಬಿಟ್ಟರು. ಈಗ ಅಲ್ಲಿ ಇಳಿಜಾರಿನ ಹಳೆಯ ಹೊಲಗಳಲ್ಲಿ ಜಿಂಕೆಗಳು ಮೇಯುತ್ತವೆ. ದೇವಾಲಯವನ್ನು ಎದುರಿನ ಓಜಿಕಾ ಪಟ್ಟಣದವರು ದುರಸ್ತಿ ಮಾಡಿಸಿ ಕಾಪಾಡುತ್ತಿದ್ದಾರೆ. ಓಜಿಕಾ ಎಂದರೆ ಚಿಕ್ಕ ಚಿಕಾ. 876ರ ಆ ನಾಡಿನ ಹೆಸರು ಇಂದಿಗೂ ಬಳಕೆಯಲ್ಲಿರುವುದು ಆ ಒಂದು ಪಟ್ಟಣದಲ್ಲಿ.